ಅಂಜಿಕೊಂತ ವಿಮಾನ ಹತ್ತಿದ ರಾಮವ್ವ

ರಾತ್ರಿ ಎರಡು ಗಂಟೆ. ಮುಗಿಲಿನಲ್ಲಿ ಎಲ್ಲೋ ದೂರ ಸಣ್ಣಗೆ ಗುಂಯ್ ಎಂದಿತು.

ಹುನಗುಂದದ ಹತ್ತಿರದ ಹಳ್ಳಿಯಲ್ಲಿ ಕುರಿ ಕಾಯುವ ರಾಮವ್ವ ಈ ಸದ್ದನ್ನು ಮೂವತ್ತು ವರ್ಷದಿಂದ ಕೇಳುತ್ತ ಬಂದಿದ್ದಾಳೆ. ಹೊಲದಲ್ಲಿ ಕುರಿಗಳ ಮಗ್ಗುಲಿಗೆ ಮಲಗಿದಾಗ ವಿಮಾನ ಹೋದರೆ ಕಂಬಳಿ ಎಳೆದುಕೊಂಡು ಮತ್ತೆ ನಿದ್ದೆ ಹೋಗುತ್ತಿದ್ದಳು. ಇವತ್ತು ಎದೆ ಡಬಡಬ ಬಡಿಯಿತು, ಅಂಗೈ ಬೆವೆತಿತು. ನಾಡಿದ್ದು ಅಂಥದ್ದರಲ್ಲಿ ಅವಳೇ ಕೂರಬೇಕು.

ದಿಲ್ಲಿಯಲ್ಲಿ ಕುರಿ ಸಾಕುವ ಹೆಣ್ಣುಮಕ್ಕಳ ಸಭೆ ಇತ್ತು. ಹೋದ ವರ್ಷ ಬೇರೆ ತಾಲ್ಲೂಕಿಗೆ ಮೇಯಿಸಲು ಹೋದಾಗ ರಾಮವ್ವನ ಕುರಿಗಳಿಗೆ ರೋಗ ಬಂತು. "ಲಸಿಕಿ ನಿಮ್ಮೂರಾಗ ಹಾಕಿಸ್ಕೋರಿ" ಎಂದು ಅಲ್ಲಿಯ ಪಶು ಆಸ್ಪತ್ರೆಯವರು ಕಳಿಸಿಬಿಟ್ಟರು. ಹದಿನೇಳು ಕುರಿ ಸತ್ತವು. ಅದನ್ನು ದೊಡ್ಡವರ ಮುಂದೆ ಹೇಳಲು ಊರಿನ ಕುರಿಗಾರ ಹೆಂಗಸರ ಸಂಘದವರು ಅವಳನ್ನೇ ಆರಿಸಿದ್ದರು. ಈಗ ಕುರಿ ಈಯುವ ಕಾಲ. ರೈಲಿನಲ್ಲಿ ಹೋಗಿ ಬರುವಷ್ಟು ದಿನ ಹಿಂಡು ಬಿಡುವಂತಿಲ್ಲ. ಅದಕ್ಕೇ ಹುಬ್ಬಳ್ಳಿಯಿಂದ ವಿಮಾನದ ಟಿಕೆಟ್ ಬಂದಿತ್ತು, ಅವಳೊಬ್ಬಳಿಗೇ.

ವೀಸಾ ಸಿಗದೆ ಮಸ್ಕತ್ತಿನ ಕೆಲಸ ತಪ್ಪಿತೆಂದು ಊರಲ್ಲೇ ಉಳಿದಿದ್ದ ಮೈದುನ ಬೀರಲಿಂಗ ಬೆಳಗ್ಗೆ ಬಾಗಿಲಲ್ಲಿ ನಿಂತು ನಕ್ಕ. "ವೈನಿ, ಮಾರಿ ನೋಡ್ಕೊಂಡೀರೇನು? ಬೂದಿ ಬಡದಂಗ ಆಗೈತಿ. ಹೋಗೂದು ಬಿಡ್ರಿ. ಚೀಟಿ ಬರೆಸಿ ಕಳಸ್ರಿ, ಅಲ್ಲೇ ಯಾರರ ಓದ್ತಾರ."

"ಸತ್ತದ್ದು ನನ್ನ ಕುರಿ ಬೀರಾ. ಎಷ್ಟು ಹಲ್ಲಿನವು, ಎಷ್ಟು ವಯಸ್ಸಿನವು ಸತ್ತವು ಅಂತ ಯಾರರ ಕೇಳಿದ್ರ ನಿನ್ನ ಚೀಟಿ ಬಾಯಿ ತೆಗೀತೈತೇನು?"

ಗಂಡ ಅಮಸಿದ್ದಪ್ಪ ಬಾಯಿ ಹಾಕಿದ. "ಅಂವ ಅನ್ನೂದೂ ಖರೆ ಐತಿ. ಮುಗಿಲಾಗ ಗಾಡಿ ಕೆಟ್ರ ಇಳಿದು ನೂಕಾಕ ಬರ್ತೈತೇನು?"

"ನೂಕೂದು ಬ್ಯಾಡ ಅಣ್ಣಾರ" ಎನ್ನುತ್ತ ಒಳಗೆ ಬಂದವಳು ಊರಿನ ಆಶಾ ಕಾರ್ಯಕರ್ತೆ ಫರಹಾನಾ. ತಾಯಿಯನ್ನು ಮೆಕ್ಕಾದ ಉಮ್ರಾ ಯಾತ್ರೆಗೆ ಕರೆದುಕೊಂಡು ವಿಮಾನದಲ್ಲಿ ಹೋಗಿ ಬಂದವಳು. "ಎರಡು ಇಂಜಿನ್ ಇರ್ತಾವ. ಒಂದು ನಿಂತ್ರೂ ಇನ್ನೊಂದರ ಮ್ಯಾಲೆ ಇಳಸ್ತಾರ. ಹಂಗ ಇಳಸಾಕ ಪೈಲಟ್‌ಗೆ ತಾಲೀಮು ಇರ್ತೈತಿ. ಅದಿರ್ಲಿ, ನಿನ್ನೆ ಇಳಕಲ್‌ನಿಂದ ಮೂರು ಮಂದಿ ಒಂದ ಬೈಕ್ ಮ್ಯಾಲೆ ಬಂದ್ರಿ. ಹೆಲ್ಮೆಟ್ ಎಲ್ಲಿತ್ತು? ಅಂಜಿಕಿ ಬರಬೇಕಾದ್ದು ಅಲ್ಲಿ!"

ಅಮಸಿದ್ದಪ್ಪ ತಲೆ ಕೆರೆದುಕೊಂಡ.

"ಅದೆಲ್ಲಾ ತಿಳಿತೈತಿ ಫರಹಾನಾ, ಎದಿ ಕೇಳೂದಿಲ್ಲ" ಎಂದಳು ರಾಮವ್ವ. "ಸತ್ತ ಹೋಗ್ತೇನಿ ಅನಸ್ತೈತಿ."

"ಊಟ ಮಾಡೀಯೇನಕ್ಕ?"

"ಎಲ್ಲಿ ಊಟ? ಹೋಗಿ ಇಳಿಯೂತನಕ ಉಪಾಸ ಇರ್ತೇನಿ ಅಂತ ದೇವರು ಬೀರಪ್ಪಗ ಬೇಡ್ಕೊಂಡೇನಿ. ನಿನ್ನೆಯಿಂದ ನೀರೂ ಕುಡಿದಿಲ್ಲ."

"ಖಾಲಿ ಹೊಟ್ಟಿ, ನಿದ್ದಿಗೆಟ್ಟ ಕಣ್ಣು! ಎದಿ ಬಡಕೊಳ್ಳದ ಏನ್ ಮಾಡ್ತೈತಿ? ಬೀರಪ್ಪಗ ಭಂಡಾರದ ಅರಿಷಿಣ ಏರಸು, ಹೊಟ್ಟಿಗೆ ರೊಟ್ಟಿ ಹಾಕು. ಅಂಜಿದಾಗ ಎದಿ ಹಾರೂದು, ಕೈ ಬೆವರೂದು ಸಾವಲ್ಲ. ಸ್ವಲ್ಪ ಹೊತ್ತಿಗೆ ತಾನ ಇಳೀತೈತಿ. ಅಕ್ಕಾ, ಕುರಿ ಲಾರಿ ಹತ್ತಾಕ ಬೆದರಿದ್ರ ಏನ್ ಮಾಡ್ತಿ? ಬಡೀತಿಯೇನು?"

"ಹುಚ್ಚಿ! ಬಡಿದ್ರ ಮತ್ತಷ್ಟು ಬೆದರ್ತೈತಿ. ಎದಿಗೆ ಕೈ ಹಚ್ಚಿ ಬಾಜೂಕ ನಿಂದರ್ತೇನಿ, ಉಸಿರು ಇಳಿಯೂತನಕ. ಆಮ್ಯಾಲ ತಾನ ಕಾಲು ಇಡ್ತೈತಿ."

"ಮತ್ತ ನಿನ್ನ ಎದಿಗೆ ನೀ ಯಾಕ ಬಡ್ಯಾಕತ್ತಿ?"

ರಾಮವ್ವ ಎದ್ದು ಎರಡು ರೊಟ್ಟಿ ತಿಂದಳು. ಫರಹಾನಾ ಅವಳ ಪಕ್ಕ ಕೂತು ಉಸಿರಿನ ಪಾಠ ಮಾಡಿದಳು: ನಾಲ್ಕು ಎಣಿಸಿ ಒಳಗೆ, ಆರು ಎಣಿಸಿ ಹೊರಗೆ. ಕುಲುಕಾಡಿದರೆ ವಿಮಾನ ಬೀಳುತ್ತಿದೆ ಎಂದಲ್ಲ, ಅದು ಗಾಳಿಯ ಉಬ್ಬುತಗ್ಗು. ಕೂತಷ್ಟು ಹೊತ್ತು ಬೆಲ್ಟ್ ಕಟ್ಟಿರಬೇಕು. ಒಳಗೆ ಕೆಲಸ ಮಾಡುವ ಹುಡುಗಿಗೆ "ನನಗ ಅಂಜಿಕಿ ಐತವ್ವ" ಎಂದು ಮೊದಲೇ ಹೇಳಬೇಕು. ಯಾರೋ ಕೊಟ್ಟ ನಿದ್ದೆ ಗುಳಿಗೆ ನುಂಗಬಾರದು.

ಹುಬ್ಬಳ್ಳಿಯಲ್ಲಿ ವಿಮಾನ ಮೇಲೇರಿದಾಗ ರಾಮವ್ವ ಬೆಲ್ಟ್ ಎಳೆದು ನೋಡಿಕೊಂಡಳು. ಮೋಡದಲ್ಲಿ ಅದು ಬಾದಾಮಿ ಬಸ್ಸಿನಂತೆ ಕುಲುಕಿತು. ಅವಳು ತನ್ನ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಎಷ್ಟು ಹಾರ್ತಿ ಹಾರು" ಎಂದು ಎದೆಗೇ ಗದರಿದಳು. "ನಾ ಹಿಂದ ತಿರುಗಾಕಿ ಅಲ್ಲ."

ದಿಲ್ಲಿಯಲ್ಲಿ ಮೈಕು ಹಿಡಿದು ನಿಂತು ಹೇಳಿಯೇ ಬಂದಳು: "ಕುರಿ ಎಲ್ಲಿ ಐತೋ ಅಲ್ಲೇ ಲಸಿಕಿ ಹಾಕ್ರಿ. ರೋಗ ತಾಲೂಕು ಕೇಳಿ ಬರೂದಿಲ್ಲ." ಕೂತವರು ಬರೆದುಕೊಂಡರು.

ಊರಿಗೆ ಬಂದಾಗ ಸಂಘದ ಹೆಂಗಸರು ಮುತ್ತಿಕೊಂಡರು. "ಅಂಜಿಕಿ ಹೋತೇನಬೇ?"

"ಎಲ್ಲಿ ಹೋಗ್ತೈತಿ? ಬಾಜೂಕ ಕುಂಡ್ರಿಸ್ಕೊಂಡು ಹೋದೆ, ಕುಂಡ್ರಿಸ್ಕೊಂಡು ಬಂದೆ. ಬರೂವಾಗ ಅರ್ಧ ಆಗಿತ್ತು."

ಸಂಜೆ ಎಲ್ಲರೂ ಹೋದ ಮೇಲೆ ಬೀರಲಿಂಗ ಬಂದ. ಮರಿಗಳ ಕಡೆ ನೋಡುತ್ತ ಮೆಲ್ಲಗೆ ಅಂದ: "ವೈನಿ, ಮಸ್ಕತ್ತಿನ ಕೆಲಸ ತಪ್ಪಿದ್ದು ವೀಸಾ ಸಲುವಾಗಿ ಅಲ್ಲ. ಊರಿಗೆಲ್ಲಾ ಸುಳ್ಳ ಹೇಳೇನಿ. ವಿಮಾನದ ಬಾಗಿಲತನಕ ಹೋಗಿ ಓಡಿ ಬಂದೆ."

ರಾಮವ್ವ ನಗಲಿಲ್ಲ. "ನಾಳೆ ಫರಹಾನಾ ಕಡೆ ಹೋಗೂಣು ಬಾ, ಹೇಳೂದು ನೀನ ಹೇಳ್ಕೋ" ಎಂದಳು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಅಂಜಿಕೆ ಬಂತೆಂದು ನಿಮ್ಮ ಹಕ್ಕಿನ ಜಾಗ ಬಿಟ್ಟುಕೊಡಬೇಡಿ. ಉಂಡು, ಮಲಗಿ, ಉಸಿರು ಉದ್ದಕ್ಕೆ ಬಿಟ್ಟು ಹತ್ತಿ. ಆದರೂ ಆಗದಿದ್ದರೆ ವೈದ್ಯರನ್ನು ಕೇಳಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ. ಕರೆ ಉಚಿತ. ಅಂಜಿದವರನ್ನು ಕಂಡು ನಗಬೇಡಿ.

ರಾತ್ರಿ ಉಣ್ಣುವಾಗ ಅಮಸಿದ್ದಪ್ಪ ಕೇಳಿದ. "ಬೀರಾ ಯಾಕ ಬಂದಿದ್ದ?"

"ಮರಿ ನೋಡಾಕ" ಎಂದಳು ರಾಮವ್ವ. ವಿಮಾನದ ಬಾಗಿಲಲ್ಲಿ ಬೀರಲಿಂಗನಿಗೆ ಆದದ್ದನ್ನು ತಾನು ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ ಎಂದು ಅವಳು ಆಗಲೇ ತೀರ್ಮಾನಿಸಿದ್ದಳು.