ಯಾವ ಶೀರ್ಷಿಕೆಯ ಕೆಳಗೆ

ಭದ್ರಮ್ಮನನ್ನು ಆನೆ ತುಳಿದದ್ದು ಹಾಲುಬಂಡೆ ಎಸ್ಟೇಟಿನ ಒಳಗೆ, ಕಾಫಿ ಹಣ್ಣು ಕೀಳುತ್ತಿದ್ದ ಜಾಗದಲ್ಲಿ. ಅವಳ ಹೆಣವನ್ನು ಜೀಪಿಗೆ ಹಾಕಿಕೊಂಡು ಬಂದು ದೋಣಿಗಲ್ ಹತ್ತಿರ ಡಾಂಬರು ರಸ್ತೆಯ ಪಕ್ಕದಲ್ಲಿ ಮಲಗಿಸಿದರು. ಪೊಲೀಸರು ಮಹಜರು ಮಾಡಿದ್ದು ಅಲ್ಲಿ. ಸೌದೆ ಆರಿಸಲು ಹೋಗಿದ್ದಾಗ ಸತ್ತಳು ಎಂದು ದಾಖಲಾಯಿತು. ಜೀಪು ಬಿಂದುಶ್ರೀಯ ಗಂಡ ರವಿಚಂದ್ರನದು.

ಇದಾಗಿ ತಿಂಗಳು ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಬಿಂದುಶ್ರೀ ರೊಟ್ಟಿ ತಟ್ಟುತ್ತಿದ್ದಾಗ ಹಿಟ್ಟಿನ ಪಾತ್ರೆಯ ಪಕ್ಕದಲ್ಲಿದ್ದ ಫೋನು ಗುಂಯ್ ಎಂದಿತು. ಆನೆಯ ಸುದ್ದಿಯಾಗಿದ್ದರೆ ಸಾಕಪ್ಪ ಅಂದುಕೊಂಡೇ ಒದ್ದೆ ಕೈಯ ಕಿರುಬೆರಳಿನಲ್ಲಿ ಒತ್ತಿದಳು. ಈ ಸೀಮೆಯಲ್ಲಿ ಆನೆ ಇವತ್ತು ಯಾವ ತೋಟದಲ್ಲಿ ನಿಂತಿದೆ ಎಂಬುದು ಬೆಳಗಾಗುತ್ತಲೇ ಫೋನಿಗೆ ಬರುತ್ತದೆ. ಆ ಹೆದರಿಕೆ ಎಲ್ಲರಿಗೂ ಹಳೆಯದು, ಹಂಚಿಕೊಂಡದ್ದು. ಇದು ಅವಳೊಬ್ಬಳದೇ. ಅಂತರ್ಜಾಲದ ವಿಶ್ವಕೋಶದಲ್ಲಿ ಅವಳು ಬರೆದ 'ಸಕಲೇಶಪುರ' ಪುಟವನ್ನು ಯಾರೋ ತಿದ್ದಿದ್ದರು. ಮತ್ತೆ ಅದೇ ವಾಕ್ಯವನ್ನು, ಭದ್ರಮ್ಮನದನ್ನು, ಕಿತ್ತಿದ್ದರು. ಅವಳು ನೋಡುತ್ತಿರುವಂತೆಯೇ ಎಲ್ಲೋ ಕೂತ, ಮುಖ ಪರಿಚಯವಿಲ್ಲದ ಇನ್ಯಾರೋ, 'ಆಧಾರವಿರುವ ಮಾಹಿತಿಯನ್ನು ಕಾರಣ ಕೊಡದೆ ತೆಗೆಯಬೇಡಿ' ಎಂದು ಬರೆದು ಅದನ್ನು ವಾಪಸು ಹಾಕಿದರು. ಆ ಪುಣ್ಯಾತ್ಮರಿಗೆ ಇಲ್ಲಿ ಮನೆ ಇರಲಿಲ್ಲ, ಗಂಡ ಇರಲಿಲ್ಲ, ಕಳೆದುಕೊಳ್ಳುವ ಕೆಲಸ ಇರಲಿಲ್ಲ.

"ಹಂಚು ನೋಡವ್ವ. ಆ ಫೋನ್ ಮೇಲೆ ರೊಟ್ಟಿ ಬೇಯಕಿಲ್ಲ" ಎಂದರು ಹಜಾರದಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ ಕಮಲಮ್ಮ. ಆಗಲೇ ಸೀದ ವಾಸನೆ ಮನೆಯನ್ನೆಲ್ಲ ತುಂಬಿತ್ತು.

ಬಿಂದುಶ್ರೀ ಆಲೂರಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುವ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಯಾವತ್ತು ಬೇಕಾದರೂ ಹೊರಡಿ ಅನ್ನಬಹುದಾದವಳು. ಅಂತರ್ಜಾಲದ ವಿಶ್ವಕೋಶಕ್ಕೆ ನಮ್ಮ ಊರುಗಳ ಬಗ್ಗೆ ಬರೆಯಬೇಕೆಂದು ಕಾಲೇಜಿನಲ್ಲಿ ಕಾರ್ಯಾಗಾರ ಮಾಡಿದಾಗ, ಕಾಯಂ ಮೇಷ್ಟರುಗಳು ಒಬ್ಬೊಬ್ಬರಾಗಿ ಜಾರಿಕೊಂಡು ಸಕಲೇಶಪುರ ಅವಳ ತಲೆಗೆ ಬಂತು. ಹಾಸನದಿಂದ ಬಂದ ತರಬೇತುದಾರ ಒಳ್ಳೆಯ ಮನುಷ್ಯ. ಹೊಗಳಬೇಡಿ ಎಂದ. ನನಗೆ ಗೊತ್ತು ಅಂತ ಏನನ್ನೂ ಬರೆಯಬೇಡಿ, ಅಚ್ಚಾಗಿದ್ದನ್ನು ತೋರಿಸಿ ಎಂದ. ಸ್ವಂತ ಹೆಸರಿನಲ್ಲೇ ಬರೆಯಿರಿ, ಜವಾಬ್ದಾರಿ ಇರುತ್ತದೆ ಎಂದೂ ಹೇಳಿದ. ಅವಳು ಎಲ್ಲವನ್ನೂ ಚಾಚೂ ತಪ್ಪದೆ ಪಾಲಿಸಿದಳು. ಹೀಗಾಗಿ ಆ ಪುಟದಲ್ಲಿ ಯಾವ ಸಾಲನ್ನು ಯಾರು ಬರೆದರು ಎಂದು ನೋಡಿದರೆ ಬಿಂದುಶ್ರೀ ರವಿಚಂದ್ರ ಎಂದೇ ಕಾಣುತ್ತಿತ್ತು, ಗಂಡನ ಹೆಸರಿನ ಸಮೇತ.

ಅವಳು ಕೈಹಾಕುವ ಮೊದಲು ಆ ಪುಟ ಸಂತೆ ಎದ್ದುಹೋದ ಮೈದಾನದಂತಿತ್ತು. ಭೂಲೋಕದ ಸ್ವರ್ಗ ಎಂಬ ಮಾತು ಸಾಲುಸಾಲಿಗೂ ಇತ್ತು. ರೆಸಾರ್ಟುಗಳ ಫೋನ್ ನಂಬರುಗಳಿದ್ದವು. ಯಾರೋ ಬೈಕಿನಲ್ಲಿ ಬಂದು ಹೋದ ಕಥೆಯಿತ್ತು. ಬಿಂದುಶ್ರೀ ಎಲ್ಲವನ್ನೂ ಗುಡಿಸಿ ಶೀರ್ಷಿಕೆಗಳನ್ನು ಹಾಕಿದಳು. ಹೇಮಾವತಿ ಭೂಗೋಳಕ್ಕೆ ಹೋಯಿತು, ಮಂಜರಾಬಾದ್ ಕೋಟೆ ಇತಿಹಾಸಕ್ಕೆ, ಘಾಟಿಯ ರೈಲು ಸಾರಿಗೆಗೆ. ಬಟ್ಟೆಗಳನ್ನು ಮಡಿಸಿ ಬೀರು ಜೋಡಿಸಿದಾಗ ಆಗುವಂಥ ಖುಷಿ ಅವಳಿಗಾಯಿತು. ಕೃಷಿಯ ಭಾಗಕ್ಕೆ ಬಂದಾಗ ಮಾತ್ರ ಕೈ ನಿಂತಿತು. ಕಾಫಿಯ ತಳಿಗಳಿದ್ದವು, ಎಕರೆಗಳಿದ್ದವು, ಯಾವ ಯಾವ ದೇಶಕ್ಕೆ ಹೋಗುತ್ತದೆ ಎಂಬುದಿತ್ತು. ಕೀಳುವವರು ಯಾರೂ ಇರಲಿಲ್ಲ. ಹಣ್ಣು ತಾನೇ ಗಿಡದಿಂದ ಇಳಿದು, ತಾನೇ ನಡೆದುಹೋಗಿ ಚೀಲದಲ್ಲಿ ಕೂತುಕೊಂಡಂತಿತ್ತು.

ಅಲ್ಲಿ ಅವಳು 'ತೋಟದ ಕೆಲಸಗಾರರು' ಎಂಬ ಶೀರ್ಷಿಕೆ ತೆರೆದಳು. ಎಸ್ಟೇಟಿನವರು ಆಳುಗಳಿಗೆ ಕಟ್ಟಿಸಿದ ಸಾಲುಮನೆಗಳ, ಅಂದರೆ ಲೈನ್ ಮನೆಗಳ ಬಗ್ಗೆ ಬರೆದಳು. ಕೊನೆಗೆ, ಹಾಲುಬಂಡೆ ಎಸ್ಟೇಟಿನ ಕೆಲಸಗಾರ್ತಿ ಭದ್ರಮ್ಮ ಕಾಡಾನೆ ದಾಳಿಯಿಂದ ಸತ್ತರೆಂದೂ, ಸತ್ತದ್ದು ರಸ್ತೆ ಬದಿಯಲ್ಲಿ ಎಂದು ಪೊಲೀಸ್ ದಾಖಲೆ ಹೇಳಿದರೆ ತೋಟದೊಳಗೆ ಕೆಲಸ ಮಾಡುವಾಗ ಎಂದು ಗಂಡ ಭೂತಯ್ಯ ಹೇಳಿದ್ದಾರೆಂದೂ ಬರೆದು, ಭೂತಯ್ಯನ ಹೇಳಿಕೆ ಅಚ್ಚಾದ ಹಾಸನದ ಪುಟ್ಟ ವಾರಪತ್ರಿಕೆಯನ್ನು ಆಧಾರವಾಗಿ ಕೊಟ್ಟಳು. ಎರಡೂ ಕಡೆಯ ಮಾತು, ಒಂದೇ ತೂಕ. ತನಗೆ ಗೊತ್ತಿದ್ದದ್ದನ್ನು ಬರೆಯಲಿಲ್ಲ.

ಗೊತ್ತಿದ್ದದ್ದು ಇಷ್ಟು. ಅವತ್ತು ರವಿಚಂದ್ರ ಹೊತ್ತಿಗೆ ಮೊದಲೇ ಮನೆಗೆ ಬಂದು, ಬಕೆಟ್ಟಿನ ಮೇಲೆ ಬಕೆಟ್ಟು ನೀರು ಹೊಯ್ದು ಜೀಪು ತೊಳೆದಿದ್ದ. ಊಟಕ್ಕೆ ಕರೆದರೆ ಹಿತ್ತಲ ಮೆಟ್ಟಿಲಿನಿಂದ ಏಳಲಿಲ್ಲ. "ಹೆಣ ಹಾಕ್ಕ ನಡಿ ಅಂದ್ರು. ಆಸ್ಪತ್ರೆಗೆ ಅನ್ಕಂಡೆ ಕಣೆ. ಅರ್ಧ ದಾರೀಲಿ ಇಲ್ಲೇ ಇಳ್ಸು ಅಂದ್ರು" ಎಂದಿದ್ದ, ಅವಳ ಮುಖ ನೋಡದೆ. ಅಂದು ಬೆಳಿಗ್ಗೆ ಆ ತೋಟದಲ್ಲಿ ಆನೆಯಿದೆ ಎಂಬ ಸಂದೇಶ ಎಲ್ಲರ ಫೋನಿಗೂ ಬಂದಿತ್ತು. ಆದರೂ ಆಳುಗಳನ್ನು ಒಳಗೆ ಕಳಿಸಿದ್ದರು. ತೋಟದೊಳಗೆ ಸತ್ತಳೆಂದಾದರೆ ಹೊಣೆ ಎಸ್ಟೇಟಿನ ತಲೆಗೆ ಬರುತ್ತಿತ್ತು. ಎಸ್ಟೇಟಿನವರ ಹೊಸ ರೆಸಾರ್ಟು ಆ ವಾರ ಬಾಗಿಲು ತೆರೆಯುವುದಿತ್ತು. ಅಲ್ಲಿಗೆ ಬಂದವರನ್ನು ಗುಡ್ಡ ಸುತ್ತಿಸುವುದೇ ರವಿಚಂದ್ರನ ಜೀಪಿನ ಕೆಲಸ.

ಈಗ ಅವನು ಹೊರಗಿನಿಂದ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ. ಗಡ್ಡ ಅರ್ಧ ಹೆರೆದಿತ್ತು. ಒಂದು ಕೆನ್ನೆಯಲ್ಲಿ ಇನ್ನೂ ನೊರೆ.

"ಪ್ರತಾಪ್ ಸಾರ್ ಬತ್ತಾವ್ರಂತೆ."

"ಎಲ್ಲಿಗೆ?"

"ಇಲ್ಲಿಗೇಯ. ಮನೇಗೆ."

ಬಿಂದುಶ್ರೀಯ ಕೈಲಿದ್ದ ಹಿಟ್ಟು ಪಾತ್ರೆಗೆ ಬಿತ್ತು. ಪ್ರತಾಪ್ ಹಾಲುಬಂಡೆಯ ಮ್ಯಾನೇಜರು. ಅವರು ಯಾರ ಮನೆಗೂ ಹೋಗುವುದಿಲ್ಲ, ಕರೆಸಿಕೊಳ್ಳುತ್ತಾರೆ.

"ನಿಂಗೆ ಎಷ್ಟು ಸಲ ಹೇಳ್ದೆ ತೆಗ್ದ್‌ಬುಡು ಅಂತ" ಎಂದ ರವಿಚಂದ್ರ. ದನಿ ಏರಿಸಲಿಲ್ಲ, ಏರಿಸುವ ಶಕ್ತಿ ಇದ್ದಂತೆ ಕಾಣಲಿಲ್ಲ. "ನಾಳೆ ಯಾರಾದ್ರೂ ಕೇಸ್ ಹಾಕುದ್ರೆ ಹೆಣ ಸಾಗ್ಸಿದ್ದು ಯಾರು ಅಂತಾರೆ. ಸಾಹೇಬ್ರು ಒಳಕ್ಕೋಗ್ತಾರಾ? ನಾನ್ ಕಣೆ ಹೋಗೋನು."

"ನಿಮ್ಮ ಹೆಸರು ಎಲ್ಲೂ ಬರೆದಿಲ್ಲ."

"ಬರ್ದೋಳ ಹೆಸ್ರಲ್ಲೇ ಐತಲ್ಲ."

ಕಮಲಮ್ಮ ಸಿಪ್ಪೆಯನ್ನು ಮೊರದಿಂದ ಕೊಡವಿದರು. "ಊರಿನ ಸಂಗ್ತಿ ಬರಿ ಅಂದ್ರೆ ಕೋಟೆ ಐತೆ, ಹೊಳೆ ಐತೆ, ರೈಲೈತೆ. ಬರ್ಕಂಡು ಸುಮ್ನಿರಾದು ಬುಟ್ಟು, ಹೆಣ ಎತ್ಕಂಡ್ ಬಂದು ನಡುಮಧ್ಯಕ್ಕೆ ಇಟ್ಟವ್ಳೆ."

"ಎತ್ಕೊಂಡ್ ಬಂದಿದ್ದು ನಾನಲ್ಲ ಅತ್ತೆ."

ರವಿಚಂದ್ರ ಅವಳನ್ನು ನೋಡಿದ. ಟವೆಲಿನಿಂದ ನೊರೆ ಒರೆಸಿಕೊಂಡ. ಅರ್ಧ ಗಡ್ಡ ಹಾಗೆಯೇ ಉಳಿಯಿತು.

ಬಿಳಿ ಕಾರು ಓಣಿಯ ಬಾಯಲ್ಲಿ ನಿಂತಾಗ ಎದುರುಮನೆಯವರು ಒಣಗಲು ಹಾಕಿದ್ದ ಬಟ್ಟೆ ತೆಗೆಯುವ ನೆವದಲ್ಲಿ ಹೊರಬಂದರು. ಪ್ರತಾಪ್ ಒಬ್ಬರೇ ಇಳಿದರು. ಇಬ್ಬರು ಕಾರಿನಲ್ಲೇ ಕೂತು ಈ ಮನೆಯ ಬಾಗಿಲನ್ನೇ ನೋಡುತ್ತಿದ್ದರು. ಪ್ರತಾಪ್ ಬೂಟು ಹೊರಗೆ ಬಿಟ್ಟು, ಕಮಲಮ್ಮನಿಗೆ ಕೈಮುಗಿದು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಅವರೆಕಾಯಿ ಈ ಸಲ ಸೊಗಡು ಚೆನ್ನಾಗಿದೆಯಲ್ಲವಾ ಎಂದು ಕೇಳಿದರು. ಬಿಂದುಶ್ರೀಗೆ ಹೆದರಿಕೆಯಾದದ್ದು ಆ ಸೌಜನ್ಯಕ್ಕೇ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಪೂರ್ತಿ ಓದ್ದೆ ಮೇಡಂ, ನಿಮ್ಮ ಪುಟಾನ" ಎಂದರು. "ಏನ್ ಚೆನ್ನಾಗಿ ಜೋಡಿಸಿದ್ದೀರಿ. ಮುಂಚೆ ಕಸದ ಗುಂಡಿ ಆಗಿತ್ತು. ನಿಮ್ಮ ಪ್ರಿನ್ಸಿಪಾಲರು ನನ್ನ ಜೊತೇಲಿ ಓದಿದೋರು, ಅವ್ರಿಗೂ ಹೇಳ್ದೆ. ಅವ್ರಿಗೇ ಗೊತ್ತಿರ್ಲಿಲ್ಲ ಪಾಪ, ನೀವು ಏನು ಬರ್ದಿದ್ದೀರಿ ಅಂತ."

ಅವಳು ಕಾಫಿ ಲೋಟ ಮುಂದಿಟ್ಟಳು.

"ಫೋನಲ್ಲಿ ಊರಿನ ಹೆಸ್ರು ಹುಡುಕಿದ್ರೆ ಮೊದ್ಲು ಬರೋದೇ ನಿಮ್ಮ ಬರಹ. ಹೆಂಡ್ತಿ ಮಕ್ಕಳು ಕರ್ಕೊಂಡು ಬರೋರು ಅದನ್ನ ಓದ್ತಾರೆ. ಆನೆ ವಿಷ್ಯ ಬೇಡ ಅನ್ನಲ್ಲ ನಾನು. 'ಪ್ರಾಣಿಗಳು' ಅಂತ ಒಂದು ಮಾಡಿ, ಕಾಡಾನೆಗಳು ಇವೆ ಅಂತ ಹಾಕಿ, ಅಂದವಾಗೇ ಇರುತ್ತೆ. ಊರಿನ ಬಗ್ಗೆ ಬರೆಯೋದ್ರಲ್ಲಿ ಭದ್ರಮ್ಮ ಯಾಕೆ ಬರ್ಬೇಕು? ನೀವು ಓದ್ದೋರು, ನೀವೇ ಹೇಳಿ. ಯಾವ ಶೀರ್ಷಿಕೆ ಕೆಳಗೆ ಬರ್ತಾಳೆ ಅವ್ಳು?"

"ಕೃಷಿ, ಸರ್."

ತನ್ನ ದನಿ ತನಗೇ ಕೇಳಿಸಿತೋ ಇಲ್ಲವೋ ಎಂಬಂತಿತ್ತು. ಪ್ರತಾಪ್ ನಕ್ಕರು. ಜೇಬಿನಿಂದ ಫೋನು ತೆಗೆದು ಅವಳ ಮುಂದೆ ಹಿಡಿದರು. ಆ ವಾರಪತ್ರಿಕೆಯ ಹೊಸ ಸಂಚಿಕೆ: ಹಿಂದಿನ ವರದಿಗೆ ವಿಷಾದಿಸುತ್ತೇವೆ. ಅದರ ಕೆಳಗೆ ಭೂತಯ್ಯನ ಪಟ. ನನ್ನ ಹೆಂಡತಿ ಸತ್ತದ್ದು ರಸ್ತೆಯಲ್ಲಿ, ದುಃಖದಲ್ಲಿ ಬಾಯಿತಪ್ಪಿ ಏನೋ ಹೇಳಿದ್ದೆ. ಪಟದಲ್ಲಿ ಅವನು ಲೈನ್ ಮನೆಯ ಗೋಡೆಗೆ ಒರಗಿ ನಿಂತಿದ್ದ. ಎಸ್ಟೇಟಿನ ಗೋಡೆ, ಎಸ್ಟೇಟಿನ ಸೂರು. ಅವನ ಬಾಯಿ ಹೇಗೆ ತಪ್ಪಿತು, ಹೇಗೆ ಸರಿಹೋಯಿತು ಎಂಬುದನ್ನು ಆ ಗೋಡೆಯೇ ಹೇಳುತ್ತಿತ್ತು.

"ಆಧಾರ ಹೋಯ್ತಲ್ಲ ಮೇಡಂ. ನಿಮ್ಮ ರೂಲ್ ಪ್ರಕಾರವೇ ತೆಗೀಬೇಕು."

ಹೌದು. ಅದು ತಿಳಿದೊಡನೆ ಅವಳೊಳಗೆ ಹಗುರಾದಂತಾಯಿತು, ಹಗುರಾದದ್ದಕ್ಕೆ ನಾಚಿಕೆಯೂ ಆಯಿತು. ನಿಯಮವೇ ಬಾಗಿಲು ತೆರೆದಿತ್ತು. ಯಾರಿಗೆ ಹೆದರಿ ಮಾಡಿದೆ ಎಂದು ನಾಳೆ ಯಾರೂ ಕೇಳುವಂತಿರಲಿಲ್ಲ. ಫೋನು ತೆಗೆದುಕೊಂಡು, ಪುಟ ತೆರೆದು, ಭದ್ರಮ್ಮನ ವಾಕ್ಯವನ್ನು ಅಳಿಸಿದಳು. ಬೆರಳು ಇಷ್ಟು ಸುಲಭವಾಗಿ ಓಡಿದ್ದು ಕಂಡು ಅವಳಿಗೇ ದಿಗಿಲಾಯಿತು. ಉಳಿಸು ಎಂದು ಒತ್ತುವ ಮೊದಲು, ಬದಲಾವಣೆಗೆ ಕಾರಣ ಬರೆಯಿರಿ ಎಂದು ಒಂದು ಸಣ್ಣ ಚೌಕ ಕೇಳಿತು. 'ಆಧಾರ ಹಿಂತೆಗೆದುಕೊಂಡಿದ್ದಾರೆ' ಎಂದು ಬರೆದಳು.

ಪ್ರತಾಪ್ ಬಗ್ಗಿ ನೋಡುತ್ತಿದ್ದರು. "ಅದು ಸಾಲ್ದು. ನಮ್ಮ ಹುಡುಗ್ರು ತೆಗೆದಾಗ್ಲೆಲ್ಲ ಯಾರೋ ವಾಪಸ್ ಹಾಕ್ತಾರೆ. ನಾಳೆ ಇನ್ನೊಬ್ಬ ಇನ್ನೊಂದು ಆಧಾರ ತರ್ತಾನೆ. ಬರ್ದೋರೇ ತಪ್ಪು ಅಂತ ಹೇಳಿದ್ರೆ ಮುಗೀತು. ಹಿಂಗೆ ಬರೀರಿ: ಭೂತಯ್ಯನ ಮೊದಲಿನ ಹೇಳಿಕೆ ಸುಳ್ಳು, ಆಕೆ ಸತ್ತದ್ದು ರಸ್ತೆಯಲ್ಲೇ, ನನಗೆ ಖುದ್ದು ಗೊತ್ತು."

"ಖುದ್ದು ಗೊತ್ತು ಅಂತ ಬರೆಯೋ ಹಾಗಿಲ್ಲ ಸರ್."

"ಬರೀಬಹುದು. ಹೆಣ ಮೊದ್ಲು ಕಂಡಿದ್ದೇ ನಿಮ್ಮ ಯಜಮಾನ್ರಿಗೆ, ರಸ್ತೇಲಿ. ಪೊಲೀಸ್ರಿಗೂ ಹಂಗೇ ಹೇಳಿರೋದು. ನಿಮಗೆ ಗೊತ್ತಿರ್ದೆ ಇನ್ಯಾರಿಗೆ ಗೊತ್ತಿರುತ್ತೆ?"

ಪೊಲೀಸರಿಗೆ ಹಾಗೆ ಹೇಳಿದ್ದಾರೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ರವಿಚಂದ್ರನತ್ತ ತಿರುಗಿದಳು. ಅವನ ಮುಖದಿಂದ, ಅವನಿಗೂ ಅದು ಈಗಷ್ಟೇ ಗೊತ್ತಾಯಿತೆಂದು ಕಂಡಿತು. ಅವನ ಹೆಸರಿನಲ್ಲಿ ಯಾರೋ ಮಾತಾಡಿ ಮುಗಿಸಿದ್ದರು.

ಸತ್ತವಳನ್ನು ಅಳಿಸುವುದು ಬೇರೆ, ಸತ್ತವಳ ಗಂಡನನ್ನು ಸುಳ್ಳುಗಾರ ಎಂದು ಬರೆದು ಕೆಳಗೆ ತನ್ನ ಹೆಸರು ಹಾಕುವುದು ಬೇರೆ. ಅಷ್ಟನ್ನು ಪ್ರತಾಪ್ ಮುಖಕ್ಕೆ ಹೇಳಬೇಕೆಂದುಕೊಂಡಳು. ಕಾಲೇಜಿನ ಕೆಲಸ ಕಣ್ಣೆದುರಿಗೆ ಬಂತು, ಕಾರಿನಲ್ಲಿ ಕೂತ ಇಬ್ಬರೂ ಕಣ್ಣೆದುರಿಗೆ ಬಂದರು. ಬಾಯಿಂದ ಬಂದದ್ದೇ ಬೇರೆ.

"ನಾನು ಅಲ್ಲಿರಲಿಲ್ಲ ಸರ್. ಇದ್ದೋರು ಇವರು. ರೀ, ನೀವೇ ಹೇಳಿ. ನೀವು ಹೇಗೆ ಹೇಳ್ತೀರೋ ಹಾಗೇ ಬರೀತೀನಿ."

ಹೇಳಿದ ಮರುಗಳಿಗೆಯೇ ತಾನೇನು ಮಾಡಿದೆನೆಂದು ಹೊಳೆಯಿತು. ಅವನನ್ನು ಬಚಾವು ಮಾಡಬೇಕಾದವಳು ತಾನೇ ಹಿಡಿದು ನಡುಮನೆಗೆ ಎಳೆದು ನಿಲ್ಲಿಸಿದ್ದಳು. ಅವನು ಹೂಂ ಅಂದರೆ ಆ ಸುಳ್ಳಿನ ಜೊತೆ ಇದೇ ಮನೆಯಲ್ಲಿ ಬಾಳಬೇಕು. ಅನ್ನದಿದ್ದರೆ ಏನಾಗುತ್ತದೆ ಎಂದು ಯೋಚಿಸಲೂ ಅವಳಿಗೆ ಧೈರ್ಯ ಬರಲಿಲ್ಲ.

ಪ್ರತಾಪ್ ನಿರಾಳವಾಗಿ ಕುರ್ಚಿಗೆ ಒರಗಿದರು. "ಅಷ್ಟೇನಾ. ಹೇಳೋ ರವಿ. ನಾನು ಬರ್ತಾ ಇದ್ದೆ, ರಸ್ತೇಲಿ ಬಿದ್ದಿದ್ಲು, ನೋಡ್ದೆ. ಮುಗೀತು."

ರವಿಚಂದ್ರ ಬಾಗಿಲಿನ ದಾರಂದ ಹಿಡಿದು ನಿಂತಿದ್ದ. ಹೆರೆದ ಕೆನ್ನೆ ಬೆವರಿತ್ತು. ಕಮಲಮ್ಮ ಕೈಯಲ್ಲಿದ್ದ ಕಾಯಿಯನ್ನು ಬಿಡಿಸದೆ ಹಿಡಿದುಕೊಂಡೇ ಕೂತಿದ್ದರು.

"ಹೇಳೋ, ನಿನ್ ಹೆಂಡ್ತಿ ಕಾಯ್ತಾ ಇದ್ದಾರೆ" ಎಂದರು ಪ್ರತಾಪ್.

"ಇಲ್ಲ ಸಾ."

"ಏನ್ ಇಲ್ಲ?"

"ನಂಗೆ ಭಯ ಆಯ್ತದೆ ಸಾ" ಎಂದ ರವಿಚಂದ್ರ. ದಾರಂದದಿಂದ ಕೈ ತೆಗೆದ. "ಅದೊಂದು ಮಾತ ಮಾತ್ರ ನಾ ಹೇಳಕಿಲ್ಲ."

ಕಾರಿನ ಬಾಗಿಲು ತೆರೆದ ಸದ್ದು ಓಣಿಯಿಂದ ಬಂತು. ಬಿಂದುಶ್ರೀಯ ಅಂಗೈಯಲ್ಲಿ ಆ ಸಣ್ಣ ಚೌಕ ಇನ್ನೂ ತೆರೆದೇ ಇತ್ತು. ಉಳಿಸು ಎಂದು ಒತ್ತುವವರೆಗೆ ಭದ್ರಮ್ಮನ ವಾಕ್ಯ ಪುಟದಲ್ಲೇ ಇರುತ್ತಿತ್ತು. ಫೋನಿನ ಬೆಳಕು ಕುಂದಿತು, ಆಮೇಲೆ ಆರಿತು. ಅವಳು ಅದನ್ನು ಮುಟ್ಟಲಿಲ್ಲ.