ಕುಂಕುಮ ಹಚ್ಚಿದ ಡಿಸ್ಕ್

ದೇವದುರ್ಗದಲ್ಲಿ ವಿಶ್ವೇಶ ನಡೆಸುತ್ತಿದ್ದ ಎಕ್ಸ್‌ರೇ ಸೆಂಟರಿನ ಕಂಪ್ಯೂಟರ್ ಒಂದು ತಿಂಗಳಿಂದ ಮನಸ್ಸು ಬಂದಾಗ ಮಾತ್ರ ಚಾಲೂ ಆಗುತ್ತಿತ್ತು. ಮದರ್‌ಬೋರ್ಡ್ ಹೋಗುತ್ತಿದೆ, ಇನ್ನು ಬಹಳ ದಿನ ಬಾಳುವುದಿಲ್ಲ ಎಂದು ರಾಯಚೂರಿನ ಕಂಪ್ಯೂಟರ್ ಅಂಗಡಿಯ ಖಲೀಲ್ ಹೇಳಿದ್ದ. ಹೊಸ ಕಂಪ್ಯೂಟರ್ ಕಟ್ಟುವುದು ಖಲೀಲನಿಗೆ ಅರ್ಧ ದಿನದ ಕೆಲಸ. ತೊಡಕಿದ್ದದ್ದು ಬೇರೆ ಕಡೆ. ಎಕ್ಸ್‌ರೇ ಚಿತ್ರವನ್ನು ಪರದೆಗೆ ತರುವ ಸಾಫ್ಟ್‌ವೇರ್ ಹಳೆಯ ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತಿತ್ತು. ಅದನ್ನು ಹಾಕಿಕೊಟ್ಟ ಕಂಪನಿ ಮುಚ್ಚಿಹೋಗಿತ್ತು. ಸಿ.ಡಿ. ಕೊಟ್ಟಿರಲಿಲ್ಲ, ಫೋನ್ ಎತ್ತುವವರೂ ಇರಲಿಲ್ಲ. ಹಳೆ ಹಾರ್ಡ್ ಡಿಸ್ಕಿನಲ್ಲಿದ್ದ ವಿಂಡೋಸನ್ನು ಇದ್ದ ಹಾಗೆಯೇ ಹೊಸ ಕಂಪ್ಯೂಟರಿಗೆ ಸಾಗಿಸಬೇಕು. ಅದಾಗದಿದ್ದರೆ ಎಕ್ಸ್‌ರೇ ಯಂತ್ರ ಗುಜರಿಗೆ, ಸೆಂಟರಿಗೆ ಬೀಗ.

ಹಳೆ ಡಿಸ್ಕನ್ನೇ ಹೊಸ ಕಂಪ್ಯೂಟರಿಗೆ ಹಾಕಿದರೆ ಆಗದೇ ಎಂದು ವಿಶ್ವೇಶ ಕೇಳಿದ್ದ. ಇರುವುದೊಂದೇ, ಅದು ಕೆಟ್ಟರೆ ಏನೂ ಉಳಿಯುವುದಿಲ್ಲ, ಹೊಸ ಡಿಸ್ಕಿಗೆ ನಕಲು ಮಾಡಿಕೊಂಡೇ ಮುಂದೆ ಹೋಗೋಣ ಎಂದಿದ್ದ ಖಲೀಲ್.

ಸೋಮವಾರ ಬೆಳಿಗ್ಗೆ ಖಲೀಲ್ ಹೊಸ ಕಂಪ್ಯೂಟರ್ ತಂದ. ಮಾನ್ವಿಯ ಮನೆಯಿಂದ ವಿಶ್ವೇಶನ ಜೊತೆ ತಾಯಿ ಅಹಲ್ಯಾಬಾಯಿಯೂ ಬಂದಿದ್ದರು. ಪೂಜೆಯಾಗದೆ ಹೊಸದನ್ನು ಚಾಲೂ ಮಾಡಬಾರದೆಂಬುದು ಅವರ ಹಟ. ಖಲೀಲ್ ಹಳೆ ಡಿಸ್ಕನ್ನು ಬಿಚ್ಚಿ, ಕಾಗದದ ಪಟ್ಟಿ ಅಂಟಿಸಿ, 'ಹಳೇದು' ಎಂದು ಬರೆದ. ಹೊಸ ಡಿಸ್ಕೂ ಅದೇ ಕಂಪನಿಯದು, ಅದೇ ಅಳತೆಯದು. ಎರಡನ್ನೂ ಅಹಲ್ಯಾಬಾಯಿ ಕೇಳಿ ಪಡೆದು ಪೂಜೆಯ ತಟ್ಟೆಯಲ್ಲಿ ಇಟ್ಟುಕೊಂಡರು. ಖಲೀಲ್ ಚಹಾಕ್ಕೆ ಹೋದ. ವಿಶ್ವೇಶ ಹೊರಗೆ ಬೆಂಚಿನ ಮೇಲಿದ್ದ ಮುದುಕಮ್ಮನನ್ನು ಮಾತಾಡಿಸಲು ಹೋದ. ಬಚ್ಚಲಲ್ಲಿ ಜಾರಿ ಬಿದ್ದ ಆಕೆಯ ಮುಂಗೈ ಊದಿಕೊಂಡಿತ್ತು.

ಇಬ್ಬರೂ ಒಳಗೆ ಬಂದಾಗ ಪೂಜೆ ಮುಗಿದಿತ್ತು. ಅಹಲ್ಯಾಬಾಯಿ ಹೊರಗೆ ಕೂತವರಿಗೆ ಪ್ರಸಾದ ಕೊಡಲು ಹೋಗಿದ್ದರು. ತಟ್ಟೆಯಲ್ಲಿ ಡಿಸ್ಕುಗಳಿದ್ದವು, ಕಾಗದದ ಪಟ್ಟಿ ಇರಲಿಲ್ಲ. ದೇವರ ಮುಂದೆ ಇಡುವ ಮುಂಚೆ ಅವರು ಎರಡನ್ನೂ ಒದ್ದೆ ಬಟ್ಟೆಯಿಂದ ಒರೆಸಿದ್ದರು. ಒಂದರ ಮೇಲೆ ಕುಂಕುಮವಿತ್ತು.

ಹಳೆ ಕಂಪ್ಯೂಟರಿಗೆ ಹಾಕಿ, ಯಾವುದು ಯಾವುದೆಂದು ನೋಡಿಬಿಡೋಣ ಎಂದ ಖಲೀಲ್. ಹೊಸದರ ಜೋಡಣೆ ಇನ್ನೂ ಮುಗಿದಿರಲಿಲ್ಲ, ಹಳೆಯದು ಚಾಲೂ ಆಗಲು ಕೆಲವೊಮ್ಮೆ ತಾಸುಗಟ್ಟಲೆ ಹಿಡಿಯುತ್ತಿತ್ತು. ಹೊರಗೆ ಜನ ಕಾಯುತ್ತಿದ್ದರು.

"ಕುಂಕುಮ ಹಚ್ಚಿದ್ದು ಹೊಸದು ಖಲೀಲ್," ಎಂದ ವಿಶ್ವೇಶ. "ಹಳೇ ಸಾಮಾನಿಗೆ ಯಾರು ಪೂಜಿ ಮಾಡ್ತಾರ?"

ತನ್ನ ಅಂಗಡಿಯಲ್ಲೂ ಜನ ಹೊಸದಕ್ಕೇ ಹಚ್ಚುತ್ತಾರೆ ಎಂದು ಖಲೀಲ್ ಒಪ್ಪಿದ.

ಖಲೀಲ್ ತಂದಿದ್ದ, ಡಿಸ್ಕ್ ನಕಲು ಮಾಡುವ ಪೆಟ್ಟಿಗೆಗೆ ಪರದೆಯಿಲ್ಲ. ಎರಡು ಸಂದಿ, ಒಂದು ಗುಂಡಿ, ನಾಲ್ಕು ದೀಪ. ಮೊದಲ ಸಂದಿಯಲ್ಲಿದ್ದದ್ದು ಎರಡನೆಯದರ ಮೇಲೆ ಅಚ್ಚಾಗುತ್ತದೆ. ಎರಡನೆಯದರಲ್ಲಿ ಮುಂಚೆ ಏನಿತ್ತೋ ಅದು ಹೋಗುತ್ತದೆ. ಖಲೀಲ್ ಕುಂಕುಮದ ಡಿಸ್ಕನ್ನು ಎರಡನೆಯದರಲ್ಲಿ ಕೂರಿಸಿ ಗುಂಡಿ ಒತ್ತಿದ.

ಮೊದಲ ದೀಪ ಮಿನುಗುವುದನ್ನು ನಿಲ್ಲಿಸಿ ನೆಟ್ಟಗೆ ಉರಿಯಿತು. ಕಾಲುಭಾಗ ಮುಗಿಯಿತೆಂದು ಅರ್ಥ. ಆಗ ಅಹಲ್ಯಾಬಾಯಿ ಒಳಗೆ ಬಂದು ಏನು ನಡೆದಿದೆ ಎಂದು ಕೇಳಿದರು. ಹಳೆಯದರಲ್ಲಿದ್ದದ್ದೆಲ್ಲ ಕುಂಕುಮದ ಡಿಸ್ಕಿಗೆ ಇಳಿಯುತ್ತಿದೆ ಎಂದು ಖಲೀಲ್ ವಿವರಿಸಿದ.

"ಕುಂಕುಮ ಹಚ್ಚಿದ್ದು ಹಳೇದಕ್ಕಪಾ," ಎಂದರು ಅವರು. "ಹೊಸಾ ಕಂಪ್ಯೂಟರಿಗೆ ಬ್ಯಾರೆ ಹಚ್ಚೀನಲ್ಲ. ಇಷ್ಟು ವರ್ಷ ನಮಗ ಅನ್ನ ಹಾಕಿದ್ದು ಇದು."

ವಿಶ್ವೇಶ ಪೆಟ್ಟಿಗೆಯ ವೈರನ್ನು ಕಿತ್ತ.

ಖಲೀಲ್ ಕುಂಕುಮದ ಡಿಸ್ಕನ್ನು ಹೊಸ ಕಂಪ್ಯೂಟರಿಗೆ ಜೋಡಿಸಿ, ಪೆನ್‌ಡ್ರೈವ್‌ನಿಂದ ಅದನ್ನು ಚಾಲೂ ಮಾಡಿ, ಡಿಸ್ಕಿನೊಳಗೆ ಬಹಳ ಹೊತ್ತು ಹುಡುಕಿ ನೋಡಿದ. ಹಿಂಭಾಗದಲ್ಲಿ ಯಾರದೋ ಪಕ್ಕೆಲುಬು, ಯಾರದೋ ಮಂಡಿ, ಹಳೆ ಚಿತ್ರಗಳ ಚೂರುಗಳಿದ್ದವು. ವಿಂಡೋಸ್ ಇದ್ದ ಮುಂಭಾಗ ಪೂರ್ತಿ ಖಾಲಿ. ಹೈದರಾಬಾದಿಗೋ ಬೆಂಗಳೂರಿಗೋ ಒಯ್ದು ತೆಗೆಸಬಹುದೇ ಎಂದು ವಿಶ್ವೇಶ ಕೇಳಿದ.

"ಬರೇ ಅಳಿಸಿದ್ರ ತಗೀಬಹುದಿತ್ರೀ," ಎಂದ ಖಲೀಲ್. "ಇದರ ಮ್ಯಾಲೆ ಖಾಲಿ ಡಿಸ್ಕಿನ ಅಚ್ಚು ಬಿದ್ದದ."

ಅವನು ಅದನ್ನು ಮತ್ತೆ ಜೋಡಿಸಿದ, ಮತ್ತೆ ನೋಡಿದ. ಅಹಲ್ಯಾಬಾಯಿ ಒಬ್ಬೊಬ್ಬರ ಮುಖವನ್ನೇ ನೋಡುತ್ತ, ನನ್ನಿಂದೇನಾದರೂ ತಪ್ಪಾಯಿತೇ ಎಂದು ಎರಡು ಸಲ ಕೇಳಿದರು.

"ನೀ ಏನೂ ಮಾಡಿಲ್ಲಮ್ಮ," ಎಂದ ವಿಶ್ವೇಶ. "ಬಾಗಲ ಹೊರಗ ನಿಂತಿದ್ದಿ. ಒಂದು ಮಾತು ಕೇಳಲಿಲ್ಲ ನಾನು."

ಎಕ್ಸ್‌ರೇ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಮೇಜಿನ ಮೇಲೆ ಯಾರೂ ಇಲ್ಲದಿದ್ದರೂ ಸ್ವಿಚ್ ಒತ್ತಿದ. ಯಂತ್ರ ಎಂದಿನಂತೆ ಗುಂಯ್‌ಗುಟ್ಟಿ ಬೀಪ್ ಎಂದಿತು. ಮತ್ತೊಮ್ಮೆ ಒತ್ತಿದ. ಎರಡು ಸಲವೂ ಅದು ಸರಿಯಾಗಿಯೇ ಕೆಲಸ ಮಾಡಿತು.

ಬಾಗಿಲು ತೆಗೆದಾಗ ಮುದುಕಮ್ಮ ಕೈ ಎದೆಗೊತ್ತಿಕೊಂಡು ಎದುರಿಗೇ ನಿಂತಿದ್ದಳು.

"ಆವಾಜ್ ಬಂತಲ್ಲ ಯಪ್ಪಾ. ನಂದು ತಗೀರಿ."

"ಮಶೀನ್ ಚಲೋ ಅದ ಯವ್ವಾ. ತಗದದ್ದು ಎಲ್ಲೂ ಕಾಣಂಗಿಲ್ಲ. ರಾಯಚೂರಿಗೆ ಹೋಗ್ರಿ."

ಅಷ್ಟು ದೂರ ಈ ಕೈ ಇಟ್ಟುಕೊಂಡು ಹೇಗೆ ಹೋಗಲಿ, ನಾಳೆಯೇ ಬರುತ್ತೇನೆ ಎಂದಳು ಆಕೆ.

"ನಾಳಿಗೂ ಇರಂಗಿಲ್ಲ ಯವ್ವಾ," ಎಂದ ವಿಶ್ವೇಶ. ಬೆಂಚಿನ ಮೇಲಿದ್ದ ಅವಳ ಚೀಲವನ್ನು ತಾನೇ ಎತ್ತಿಕೊಂಡು, ಬಸ್ ಸ್ಟ್ಯಾಂಡಿನ ಕಡೆಗೆ ಅವಳ ಜೊತೆ ನಡೆದ.