ಕಿಟಕಿಗಾಗಿ ಜೋಡಿ ಸಿಡಿಲು

ಗೆದ್ದ ಮನುಷ್ಯನಿಗೆ ಕೂತಲ್ಲಿ ಕೂರಲಾಗುವುದಿಲ್ಲ ಎಂಬ ಸತ್ಯ ಮೇಡಂಗೆ ನಿವೃತ್ತಿಯ ನಂತರ ತಿಳಿಯಿತು. ಸೋಲು ಗೆಲುವುಗಳನ್ನು ಸಮನಾಗಿ ಕಾಣಬೇಕೆಂದು ಜೀವಮಾನವೆಲ್ಲ ತರಗತಿಯಲ್ಲಿ ಬೋಧಿಸಿದ ನಾಲಿಗೆಯೇ ಆ ಸೋಮವಾರ ಬೆಳಿಗ್ಗೆ ಹಾಲಿನವನಿಗೆ, ಎದುರುಮನೆಯವರಿಗೆ, ಕರೆಂಟಿನ ಮೀಟರ್ ನೋಡಲು ಬಂದವನಿಗೆ, ಕೇಳಿದವರಿಗೂ ಕೇಳದವರಿಗೂ ಒಂದೇ ಸುದ್ದಿಯನ್ನು ಹಂಚಿತು.

"ನಿನ್ನೆ ನಮ್ಮ ಸೊಸೇನ ಸೋಲಿಸಿಬಿಟ್ಟೆ ಕಣಪ್ಪಾ!"

ಮೀಟರಿನವನು ಹೆದರಿ, "ಜಗಳ ಆಯ್ತಾ ಮೇಡಂ?" ಎಂದ.

"ಜಗಳ ಯಾಕಾಗುತ್ತೆ? ಜೋಡಿ ಸಿಡಿಲು!"

ಜೋಡಿ ಸಿಡಿಲು ಎಂಬುದು ಬೀದಿಯ ತಿರುವಿನ ವಿಡಿಯೋ ಗೇಮ್ ಅಂಗಡಿಯಲ್ಲಿ ಇಬ್ಬರು ಅಕ್ಕಪಕ್ಕ ನಿಂತು ಆಡುವ ಗುಂಡಿನ ಆಟ. ಪರದೆಯ ನಡುವೆ ಒಂದು ಗೋಡೆ, ಆಚೆಗೊಬ್ಬರು, ಈಚೆಗೊಬ್ಬರು. ಆಕಾಶದಿಂದ ಕಲ್ಲು ಸುರಿಯುತ್ತವೆ. ನಿಮ್ಮ ಪಾಲಿನ ಕಲ್ಲನ್ನು ನೀವು ಒಡೆದರೆ ಅದರ ಚೂರುಗಳು ಗೋಡೆ ಹಾರಿ ಎದುರಾಳಿಯ ತಲೆಯ ಮೇಲೆ ಬೀಳುತ್ತವೆ. ಇಬ್ಬರಿಗೂ ಮೂರು ಮೂರು ಜೀವ. ಆ ಬೀದಿಯ ಲಾರಿ ಡ್ರೈವರನ ಅಭಿಪ್ರಾಯದಲ್ಲಿ ಅದು ಯುದ್ಧದ ಆಟವೇ ಅಲ್ಲ, ನಮ್ಮ ಮನೆ ಕಸವನ್ನು ಪಕ್ಕದ ಮನೆಯ ಅಂಗಳಕ್ಕೆ ಗುಡಿಸುವ ಆಟ. ಆದ್ದರಿಂದಲೇ ಜನಕ್ಕೆ ಅಷ್ಟು ಬೇಗ ಬಂದುಬಿಡುತ್ತದೆ.

ಮೇಡಂ ಮೊದಲು ಆ ಅಂಗಡಿಗೆ ಕಾಲಿಟ್ಟದ್ದು ಬೈಯುವುದಕ್ಕೆ. ಹಗಲು ಹೊತ್ತಿನಲ್ಲಿ ದುಡಿಯುವ ಜನ ಪರದೆಗೆ ಕಣ್ಣು ಕೀಲಿಸಿ ನಿಲ್ಲುವುದು ಸಮಾಜಕ್ಕೆ ಒಳ್ಳೆಯದಲ್ಲವೆಂದು ಬಾಗಿಲಲ್ಲೇ ನಿಂತು ಭಾಷಣ ಮಾಡಿದ್ದರು. ಭಾಷಣ ಅರ್ಧಕ್ಕೆ ಬರುವಾಗ ಒಳಗೆ ಕೇಕೆ ಹಾಕುತ್ತಿದ್ದವಳು ತಮ್ಮ ಸೊಸೆಯೇ ಎಂದು ಕಂಡಿತು. "ಬನ್ನಿ ಅತ್ತೆ, ಒಂದು ಕೈ ನೋಡಿ" ಎಂದಳು ಅವಳು. ನೋಡಿದರು. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಸೋತರು. ಸೋಲನ್ನು ಸಮನಾಗಿ ಕಾಣುವ ಪಾಠ ಅಂದಿಗೇ ಮುಗಿಯಿತು. ಮರುದಿನ ಬಂದರು, ಅದರ ಮರುದಿನವೂ ಬಂದರು. ಸೋತದ್ದಕ್ಕೆಲ್ಲ ಕಾರಣವಿತ್ತು: ಹಿಡಿಕೆ ಸಡಿಲ, ಗುಂಡಿ ಅಂಟು, ಫ್ಯಾನಿನ ಗಾಳಿ ಕಣ್ಣಿಗೆ. ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆಯನ್ನು ಅವರಿಗೆ ನೆನಪಿಸುವ ಧೈರ್ಯ ಅಂಗಡಿಯಲ್ಲಿ ಯಾರಿಗೂ ಇರಲಿಲ್ಲ. ಅರ್ಧ ಜನ ಅವರ ಕೈಯಲ್ಲೇ ಅಕ್ಷರ ಕಲಿತವರು.

ಆಟ ಹೀಗೆ ಆಟವಾಗಿಯೇ ಇದ್ದರೆ ಚೆನ್ನಾಗಿತ್ತು. ನಡುವೆ ಕಿಟಕಿ ಬಂತು.

ಅವರ ಮನೆಯಲ್ಲಿ ಬೆಳಕಿನ ಕೋಣೆ ಎಂಬುದು ಒಂದೇ. ಅದರ ದೊಡ್ಡ ಕಿಟಕಿಯ ಬಳಿ ಮೇಡಂ ಅವರ ಆರಾಮಕುರ್ಚಿ, ಪುಸ್ತಕದ ಕಪಾಟು. ಸೊಸೆ ಮಾಡುವುದು ಕೃತಕ ಹಲ್ಲಿನ ಕೆಲಸ. ದಂತವೈದ್ಯರು ಅಳತೆ ತೆಗೆದು ಕಳಿಸಿದರೆ ಇವಳು ಮನೆಯಲ್ಲೇ ಹಲ್ಲು ಜೋಡಿಸಿ, ತಿದ್ದಿ, ಬಣ್ಣ ಹೊಂದಿಸಿ ಕೊಡಬೇಕು. ಹಲ್ಲೆಂದರೆ ಬರಿಯ ಬಿಳುಪಲ್ಲ. ಒಬ್ಬೊಬ್ಬರ ಬಿಳುಪು ಒಂದೊಂದು ಬಗೆ. ಅದನ್ನು ಹಗಲು ಬೆಳಕಿನಲ್ಲಿ ನೋಡಿಯೇ ಹೊಂದಿಸಬೇಕು. ಅವಳ ಮೇಜಿದ್ದುದು ಅಡುಗೆಮನೆಯ ಮೂಲೆಯಲ್ಲಿ, ಟ್ಯೂಬ್‌ಲೈಟಿನ ಅಡಿಯಲ್ಲಿ. ಉಪ್ಪಿನ ಡಬ್ಬಿಯ ಪಕ್ಕದಲ್ಲಿ ಯಾರದೋ ದವಡೆ ನಗುತ್ತಿತ್ತು.

"ಕಿಟಕಿ ಹತ್ತಿರ ನೀನೇ ಕೂತ್ಕೋಮ್ಮ" ಎಂದು ಅತ್ತೆ ಉಪಚಾರಕ್ಕೆ ಹೇಳುತ್ತಿದ್ದರು. "ಅಯ್ಯೋ, ಬೇಡಿ ಅತ್ತೆ, ನೀವೇ ಇರಿ" ಎಂದು ಸೊಸೆ ಮರ್ಯಾದೆಗೆ ಹೇಳುತ್ತಿದ್ದಳು. ಮನಸ್ಸಿನಲ್ಲಿ ಇಬ್ಬರಿಗೂ ಬೇಕು, ಬಾಯಲ್ಲಿ ಇಬ್ಬರಿಗೂ ಬೇಡ. ಇಂಥ ಉಪಚಾರದಷ್ಟು ಮನೆ ಕೆಡಿಸುವ ಸುಳ್ಳು ಬೇರೆ ಇಲ್ಲ. ಕಡೆಗೆ ಮೇಡಂ ಅವರೇ, "ಭಾನುವಾರ ಜೋಡಿ ಸಿಡಿಲಲ್ಲಿ ಗೆದ್ದವರಿಗೆ ಕಿಟಕಿ. ಆಮೇಲೆ ಈ ಮಾತು ಎತ್ತಕೂಡದು" ಎಂದು ತೀರ್ಪು ಕೊಟ್ಟರು. ಆ ಹೊತ್ತಿಗೆ ಅವರ ಆಟ ಇದ್ದಕ್ಕಿದ್ದಂತೆ ಕುದುರಿತ್ತು. ಹೊಡೆದದ್ದೆಲ್ಲ ತಗುಲುತ್ತಿತ್ತು. ಭಾನುವಾರವೂ ತಗುಲಿತು. ಕಿಟಕಿ ಅತ್ತೆಗೇ ಉಳಿಯಿತು.

ಸೋಮವಾರ ಮಧ್ಯಾಹ್ನ ಮೇಡಂ ಅಂಗಡಿಗೆ ಹೋದಾಗ ಮಿಷನ್ನಿನ ಪಕ್ಕದಲ್ಲಿ ಇಸ್ತ್ರಿ ಅಂಗಿಯ ಹೊಸಬನೊಬ್ಬ ನಿಂತಿದ್ದ. ಆಟ ತಯಾರಿಸುವ ಕಂಪನಿಯಿಂದ ಆಟಗಾರರ ಅಭಿಪ್ರಾಯ ಕೇಳಲು ಬಂದವನು. ಅಭಿಪ್ರಾಯ ಕೇಳಿದರೆ ಸಾಕೆಂದು ಕಾದಿದ್ದ ಜನ ಅವನನ್ನು ಜೇನುನೊಣಗಳಂತೆ ಮುತ್ತಿಕೊಂಡಿತ್ತು.

"ಗುಂಡಿನ ಸದ್ದು ಜಾಸ್ತಿ ಮಾಡಿ ಸಾರ್," ಎಂದ ಸಲೂನಿನವನು, "ಹೊಡೆದರೆ ಎದೆ ನಡುಗಬೇಕು."

"ನಿನ್ನ ಕತ್ತರಿ ಸದ್ದಿಗೇ ನಮ್ಮ ಎದೆ ನಡುಗುತ್ತೆ, ಸಾಲದಾ?" ಎಂದ ಡ್ರೈವರ್. "ಸಾರ್, ಸೋತವರು ಮಾತಾಡೋಕೆ ಒಂದು ಬಟನ್ ಇಡಿ. ಒತ್ತಿದರೆ 'ಬಿಸಿಲು ಬೀಳ್ತಿತ್ತು', 'ಯಾರೋ ಕೆಮ್ಮಿದರು' ಅಂತ ಮಿಷನ್ನೇ ಹೇಳಲಿ. ನಮಗೆ ಶ್ರಮ ಉಳಿಯುತ್ತೆ."

ಮೇಡಂ ಗಂಟಲು ಸರಿಮಾಡಿಕೊಂಡರು. ಗುಂಪು ದಾರಿ ಬಿಟ್ಟಿತು.

"ನನ್ನ ಅಭಿಪ್ರಾಯ ಬರ್ಕೊಳ್ಳಿ. ಈ ಆಟ ಪರಿಶ್ರಮಕ್ಕೆ ಫಲ ಕೊಡುತ್ತೆ. ನಾನು ಸೋತೆ, ಸೋತೆ, ಸೋತೆ. ಛಲ ಬಿಡಲಿಲ್ಲ. ಈಗ ಈ ಬೀದಿಯ ಅತ್ಯುತ್ತಮ ಆಟಗಾರ್ತಿಯನ್ನ ಸೋಲಿಸಿದ್ದೀನಿ. ಯಾರ ಸಹಾಯವೂ ಇಲ್ಲದೆ!"

ಕಂಪನಿಯವನ ಮುಖ ಅರಳಿತು. "ತುಂಬಾ ಸಂತೋಷ ಮೇಡಂ! ಹಾಗಾದರೆ ನಮ್ಮ ಹೊಸ ಸಹಾಯದ ವ್ಯವಸ್ಥೆ ಚೆನ್ನಾಗಿ ಕೆಲಸ ಮಾಡ್ತಿದೆ."

"ಯಾವ ವ್ಯವಸ್ಥೆ?"

"ಹೋದ ವಾರ ಪರೀಕ್ಷೆಗೆ ಅಂತ ಈ ಮಿಷನ್ನಿಗೆ ಹಾಕಿದ್ವಿ. ಆಟ ಶುರುವಾದ ಕೂಡಲೇ ಯಾರ ಕೈ ದುರ್ಬಲ ಅಂತ ಮಿಷನ್ನೇ ಅಳೆಯುತ್ತೆ. ದುರ್ಬಲರ ಕಡೆ ಕಲ್ಲು ನಿಧಾನ ಬೀಳುತ್ತೆ. ಗುಂಡು ಪಕ್ಕದಲ್ಲಿ ಹೋದರೂ ತಗುಲಿದ ಲೆಕ್ಕ. ಸೋಲೋರಿಗೂ ಖುಷಿ ಆಗಲಿ ಅಂತ..."

ಗುಂಪಿನ ಕಣ್ಣೆಲ್ಲ ಮೇಡಂ ಕಡೆ ತಿರುಗಿತು.

"ಅದು ನನ್ನ ಕಡೆ ಇತ್ತು ಅಂತ ಏನು ಗ್ಯಾರಂಟಿ?" ಎಂದರು ಮೇಡಂ. ದನಿ ಸ್ವಲ್ಪ ತೆಳ್ಳಗಾಗಿತ್ತು.

ಆ ಪಾಪದ ಮನುಷ್ಯ ಒಳ್ಳೆಯ ಉದ್ದೇಶದಿಂದಲೇ ಮಿಷನ್ನಿನ ಹಿಂಬಾಗಿಲು ತೆರೆದು ಏನೋ ತಿರುಗಿಸಿದ. ಇನ್ನು ಮುಂದೆ ಸಹಾಯ ಯಾರಿಗೆ ಹೋಗುತ್ತದೋ ಅವರ ಕಡೆ ಪರದೆಯ ಮೇಲೆ ಒಂದು ಹಸಿರು ಎಲೆ ಕಾಣಿಸುತ್ತದೆ ಎಂದ. ಮೇಡಂ ಎಡಗಡೆ ನಿಂತರು, ಡ್ರೈವರನನ್ನು ಬಲಗಡೆ ನಿಲ್ಲಿಸಿದರು. ಆಟ ಶುರುವಾಯಿತು. ಎಡಗಡೆ ಎಲೆ ಮೂಡಿತು.

"ಜಾಗ ಬದಲಾಯಿಸು!"

ಬದಲಾಯಿಸಿದರು. ಬಲಗಡೆ ಎಲೆ ಮೂಡಿತು. ಡ್ರೈವರನನ್ನು ತಳ್ಳಿ ಸಲೂನಿನವನನ್ನು ಎಳೆದು ನಿಲ್ಲಿಸಿದರು. ಎಲೆ ಮೇಡಂ ಅವರನ್ನು ಬಿಡಲಿಲ್ಲ. ಕಡೆಗೆ ಅಂಗಡಿಯ ಯಜಮಾನನನ್ನೇ ಕರೆದರು. ಅವನು ತನ್ನ ಅಂಗಡಿಯಲ್ಲಿ ಒಂದು ದಿನವೂ ಆಡಿದವನಲ್ಲ, ಹಿಡಿಕೆ ಯಾವುದು ಗುಂಡಿ ಯಾವುದು ಎಂದು ತಿಳಿಯದವನು. ಎಲೆ ಒಂದು ಕ್ಷಣ ಆ ಕಡೆ ಈ ಕಡೆ ಓಲಾಡಿ, ಯೋಚಿಸಿ, ಮೇಡಂ ಕಡೆಯೇ ಬಂದು ಕೂತಿತು.

ಅಂಗಡಿಗೆ ಅಂಗಡಿಯೇ ಬಿದ್ದು ಬಿದ್ದು ನಕ್ಕಿತು. ಯಜಮಾನ ಗೋಡೆ ಹಿಡಿದುಕೊಂಡು ನಕ್ಕ. ನಗಬಾರದೆಂದು ತುಟಿ ಕಚ್ಚಿದ್ದ ಸಲೂನಿನವನ ಮೂಗಿನಿಂದ ನಗು ಹೊರಬಂತು. ಮೇಡಂ ಅವರ ಕೋಪ ನೆತ್ತಿಗೇರಿತು.

"ನಗಬೇಡ್ರೋ! ಹೆತ್ತ ಮಗನಿಗೇ ಒಂದು ಅಂಕ ದಾನ ಮಾಡಿದವಳಲ್ಲ ನಾನು. ನನಗೆ ದಾನ ಮಾಡೋಕೆ ಈ ಡಬ್ಬ ಯಾರು? ಕೇಳಿದ್ನಾ ನಾನು?"

"ಸಹಾಯ ಇರಲಿ ಬಿಡಿ ಮೇಡಂ," ಎಂದ ಸಲೂನಿನವನು. "ದಿನಾ ಸೋತರೆ ಯಾರು ಬರ್ತಾರೆ? ಹುಮ್ಮಸ್ಸು ಬೇಡ್ವಾ?"

"ಹಾಗಾದರೆ ಏರು ಬಂದಾಗ ನನ್ನ ಲಾರಿನೂ ಹಿಂದಿನಿಂದ ತಳ್ಳಿ," ಎಂದ ಡ್ರೈವರ್. "ನಾನೇ ಹತ್ತಿಸಿದೆ ಅಂತ ಊರೆಲ್ಲ ಹೇಳ್ಕೊಂಡು ಬರ್ತೀನಿ. ಮಾನ ಇದ್ದೋರು ಹಂಗೆ ಮಾಡ್ತಾರಾ?"

ಆ ಮಾತು ಮೇಡಂ ಅವರಿಗೆ ನಾಟಿತು. ಬೆಳಿಗ್ಗೆಯಿಂದ ಅವರು ಮಾಡಿದ್ದು ಅದನ್ನೇ. ಅಷ್ಟೇ ಆಗಿದ್ದರೆ ನಗೆಪಾಟಲಿಗೆ ಮುಗಿಯುತ್ತಿತ್ತು. ಆ ಗೆಲುವಿನಿಂದ ಅವರು ಒಂದು ಕಿಟಕಿಯನ್ನು ಇಟ್ಟುಕೊಂಡಿದ್ದರು. ಅರಿಯದೆ ಪಡೆದ ಪರರ ಸೊತ್ತು, ಅರಿತ ಗಳಿಗೆಯಿಂದ ಕಳವು. ಇದನ್ನು ಎಷ್ಟು ಮಕ್ಕಳಿಂದ ಬಾಯಿಪಾಠ ಒಪ್ಪಿಸಿಕೊಂಡಿರಲಿಲ್ಲ ಅವರು!

ಅಷ್ಟರಲ್ಲಿ ಸೊಸೆ ಬಂದಳು. ಕೈಯಲ್ಲಿ ಚಿಕ್ಕ ಪೆಟ್ಟಿಗೆ, ಮುಖ ಬಾಡಿತ್ತು.

"ಏನದು?" ಎಂದರು ಮೇಡಂ.

"ಹಲ್ಲಿನ ಸೆಟ್ಟು ಅತ್ತೆ. ಬಣ್ಣ ಹೊಂದಲಿಲ್ಲ ಅಂತ ಡಾಕ್ಟರು ವಾಪಸ್ ಕೊಟ್ಟರು. ಟ್ಯೂಬ್‌ಲೈಟಲ್ಲಿ ಸರಿಯಾಗೇ ಕಾಣ್ತಿತ್ತು." ಮತ್ತೆ ಸುತ್ತಲೂ ನೋಡಿದಳು. "ಯಾಕೆ ಎಲ್ಲರೂ ಕಣ್ಣೀರು ಒರೆಸ್ಕೊಳ್ತಿದ್ದೀರಿ? ಏನಾಯ್ತು?"

ನಡೆದದ್ದನ್ನು ಒಂದೇ ಉಸಿರಿಗೆ ನಾಲ್ಕು ಜನ ಹೇಳಿದರು. ಸೊಸೆ ನೆಲ ನೋಡಿದಳು. ಆ ನೋಟ ಮೇಡಂ ಅವರಿಗೆ ಚೆನ್ನಾಗಿ ಗೊತ್ತು; ಉತ್ತರ ಗೊತ್ತಿದ್ದೂ ಕೈ ಎತ್ತದ ವಿದ್ಯಾರ್ಥಿಯ ನೋಟ.

"ನಿನಗೆ ಗೊತ್ತಿತ್ತೇನೇ?"

"ಅನುಮಾನ ಇತ್ತು. ನೀವು ಅಂಗಡಿ ಯಜಮಾನರ ಕಡೆ ತಿರುಗಿ ಮಾತಾಡ್ತಾ ಹೊಡೆದರೂ ಕಲ್ಲು ಒಡೀತಿತ್ತು."

"ಮತ್ತೆ ಬಾಯಿ ಬಿಡೋಕೇನಾಗಿತ್ತು?"

"ನೀವು ನಗ್ತಿದ್ರಿ ಅತ್ತೆ." ಅವಳ ದನಿ ಸಣ್ಣಗಾಯಿತು. "ಮೊದಲೆಲ್ಲ ಬೇಗ ಸೋತು, ಮನೆ ಮುಟ್ಟೋವರೆಗೂ ಮಾತಾಡ್ತಿರಲಿಲ್ಲ. ನಾನು ಗೆಲ್ತಿದ್ದೆ, ಆದರೆ ಅದು ಆಟ ಅನ್ನಿಸ್ತಿರಲಿಲ್ಲ. ಈಗ ದಾರಿಯುದ್ದಕ್ಕೂ ಕೈ ಬೀಸ್ಕೊಂಡು ಬರ್ತೀರಿ. ಕಿಟಕಿ ಹೋದರೆ ಹೋಗಲಿ, ಜೊತೇಲಿ ಆಡೋರು ಬೇಕಲ್ಲ ಅಂದ್ಕೊಂಡೆ."

ಮೇಡಂ ಅವಳ ಕೈಯ ಪೆಟ್ಟಿಗೆಯನ್ನು ತೆಗೆದು ಮಿಷನ್ನಿನ ಮೇಲಿಟ್ಟರು. ಅವರು ಕಂಪನಿಯವನ ಕಡೆ ತಿರುಗಿದರು.

"ಕೇಳಿ, ಇದು ನನ್ನ ಕೊನೆಯ ಅಭಿಪ್ರಾಯ. ಸೋಲೋರಿಗೆ ಕೈ ಕೊಡೋದು ತಪ್ಪಲ್ಲ. ಮೇಷ್ಟ್ರ ಕೆಲಸವೇ ಅದು. ಆದರೆ ಕೈ ಕೊಟ್ಟು, ನೀನೇ ಎದ್ದೆ ಅಂತ ನಂಬಿಸೋದು ಮೋಸ. ಆ ಎಲೆ ಯಾವಾಗಲೂ ಕಾಣಲಿ. ಬೇಕಾದವರು ಇಟ್ಕೊಳ್ಳಲಿ, ಬೇಡದವರು ತೆಗೆಸಲಿ. ಈಗ ನನ್ನದನ್ನ ತೆಗೀರಿ."

ಸೊಸೆಗೆ ಹೇಳಿದರು: "ಕಿಟಕಿ ನಿನ್ನದು."

"ಹಾಗೆ ಕೊಟ್ಟರೆ ಬೇಡ ಅತ್ತೆ. ನಿಮಗೆ ದಾನ ಬೇಡ, ನನಗೆ ಬೇಕಾ? ಆಡಿ ಕೊಡಿ."

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ!" ಎಂದು ಡ್ರೈವರ್ ಶಿಳ್ಳೆ ಹೊಡೆದ. ಸಲೂನಿನವನು ಅರ್ಧ ಕ್ಷೌರ ಮಾಡಿ ಬಿಟ್ಟುಬಂದಿದ್ದ ಗಿರಾಕಿ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡೇ ಅವನನ್ನು ಹುಡುಕಿ ಬಂದವನು, ಕ್ಷೌರ ಮರೆತು ನಿಂತ.

ಎಲೆ ಇಲ್ಲದ ಆಟ ಶುರುವಾಯಿತು. ಕಲ್ಲು ಈಗ ನಿಜವಾಗಿ ಸುರಿದವು. ಮೇಡಂ ಅವರ ಮೊದಲ ಜೀವ ಹಿಡಿಕೆ ಹಿಡಿಯುವುದರೊಳಗೆ ಹೋಯಿತು. "ಅತ್ತೇ, ಕಣ್ಣು ಬಿಟ್ಟು ಆಡಿ!" ಎಂದು ಸೊಸೆ ಕೆಣಕಿದಳು. "ನಿನ್ನ ಹಲ್ಲು ಜೋಪಾನ ಕಣೇ!" ಎಂದರು ಇವರು. ದಯೆಯ ದಿನಗಳಲ್ಲಿ ಆಡಿದ ಅಷ್ಟೊಂದು ಆಟ ವ್ಯರ್ಥವಾಗಿರಲಿಲ್ಲ. ಯಾವ ಕಲ್ಲು ಯಾವ ಮೂಲೆಯಿಂದ ಬರುತ್ತದೆಂದು ಕಣ್ಣಿಗೆ ಗೊತ್ತಾಗಿತ್ತು. ಒಂದು ದೊಡ್ಡ ಕಲ್ಲು ಒಡೆಯಿತು, ಚೂರುಗಳು ಗೋಡೆ ಹಾರಿದವು, ಸೊಸೆಯ ಒಂದು ಜೀವ ಹೋಯಿತು. ಅಂಗಡಿ ಬೊಬ್ಬೆ ಹಾಕಿತು. ಮೇಡಂ ಅವರ ಎರಡನೆಯದು ಹೋಯಿತು. ಸೊಸೆಯ ಎರಡನೆಯದೂ ಹೋಯಿತು! ಗೆದ್ದೆತ್ತಿನ ಬಾಲ ಹಿಡಿಯಲು ಬಂದಿದ್ದ ಜನ ಯಾವ ಎತ್ತು ಎಂದೇ ತಿಳಿಯದೆ ಎರಡೂ ಕಡೆಗೆ ಕೂಗತೊಡಗಿದರು. ಬಟ್ಟೆ ಸುತ್ತಿದ ಗಿರಾಕಿ ಎರಡು ಕೈಯೂ ಎತ್ತಿ ಕುಣಿದ. ಕೂದಲು ಎಲ್ಲರ ಮೇಲೆ ಉದುರಿತು.

ಕಡೆಯ ಜೀವದಲ್ಲಿ ಇಬ್ಬರೂ ಉಸಿರು ಬಿಗಿಹಿಡಿದರು. ಮೇಡಂ ಎರಡು ಕಲ್ಲು ಒಡೆದರು. ಸೊಸೆ ಚೂರುಗಳ ನಡುವೆ ಸೂಜಿಗೆ ದಾರ ಪೋಣಿಸಿದಂತೆ ನುಸುಳಿ, ತನ್ನ ನೆತ್ತಿಯ ಮೇಲಿನ ಮೂರನ್ನೂ ಒಂದೇ ಸಮನೆ ಪುಡಿಮಾಡಿದಳು. ಮೇಡಂ ಅವರ ಆಕಾಶ ತುಂಬಿಹೋಯಿತು. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಢಂ!

ಮೇಡಂ ಹಿಡಿಕೆ ಬಿಟ್ಟು ತಿರುಗಿದರು. ಹಿಡಿಕೆಯ ಬಗ್ಗೆ, ಗುಂಡಿಯ ಬಗ್ಗೆ, ಗಾಳಿಯ ಬಗ್ಗೆ ಏನಾದರೂ ಹೇಳುತ್ತಾರೆಂದು ಜನ ಕಾದರು.

"ನೋಡಿದ್ರಾ?" ಎಂದರು ಅವರು, ಏದುಸಿರಿನಲ್ಲಿ. "ಕಡೆಯ ಜೀವದವರೆಗೆ ತಂದೆ ಇವಳನ್ನ! ಯಾರ ಸಹಾಯವೂ ಇಲ್ಲದೆ! ಈಗ ಹೇಳ್ತೀನಿ, ಯಾರ ಸಹಾಯವೂ ಇಲ್ಲದೆ!" ಎಂದು ಸೊಸೆಯ ಎರಡೂ ಕೈ ಹಿಡಿದು, ಅಂಗಡಿಯ ನಟ್ಟನಡುವೆ, ಜೀವಮಾನದ ಗಾಂಭೀರ್ಯವನ್ನು ಗಾಳಿಗೆ ತೂರಿ, ಗಿರಗಿರನೆ ಸುತ್ತಿದರು.

ಮನೆಗೆ ಬಂದವರೇ ಆರಾಮಕುರ್ಚಿಯನ್ನು ಇಬ್ಬರೂ ಹೊತ್ತು ಹೊರಗಿಟ್ಟರು. ಹಲ್ಲಿನ ಮೇಜನ್ನು ಎಳೆದು ಕಿಟಕಿಗೆ ತಾಗಿಸಿದರು. ವಾಪಸ್ ಬಂದ ಸೆಟ್ಟನ್ನು ಸೊಸೆ ಬೆಳಕಿಗೆ ಹಿಡಿದಳು. "ಅಯ್ಯೋ, ಎಷ್ಟು ಹಳದಿ ಅತ್ತೆ!" ಎಂದು ನಕ್ಕು ಬೇರೆ ಬಿಳುಪಿನ ಹಲ್ಲು ಆರಿಸತೊಡಗಿದಳು. ಸದ್ದಿಗೆ ಎದ್ದು ಬಂದ ಮಗ, ರಾತ್ರಿ ಪಾಳಿ ಮುಗಿಸಿ ಮಲಗಿದ್ದವನು, ಬಾಗಿಲಲ್ಲಿ ಕುರ್ಚಿಗೆ ಎಡವಿ ಕಣ್ಣುಜ್ಜಿಕೊಂಡ.

"ಏನಮ್ಮಾ ಗಲಾಟೆ? ಯಾರು ಗೆದ್ದರು?"

"ಅವಳು!" ಎಂದರು ಮೇಡಂ. ಎದೆಯುಬ್ಬಿಸಿ, ಬೀದಿಗೆಲ್ಲ ಕೇಳುವಂತೆ, ಬೆಳಿಗ್ಗೆಗಿಂತ ಗಟ್ಟಿಯಾಗಿ ಹೇಳಿದ ಆ ಬಗೆ ಕಂಡು, ಗೆದ್ದವರು ಅಮ್ಮನೇ ಎಂದುಕೊಂಡ ಮಗ ಅವರ ಕೈ ಕುಲುಕಿ ಅಭಿನಂದಿಸಿ, ಮತ್ತೆ ಮಲಗಲು ಹೋದ.